ಕಾಗದಕ್ಕೆ ಇಬ್ಬರು ಶತ್ರುಗಳು

ವಿದ್ವಾಂಸನೊಬ್ಬನು ಬರೆದು ಪ್ರಕಟಿಸಿದ ಗ್ರಂಥಗಳು ಪುಸ್ತಕಭಂಡಾರಗಳಲ್ಲಿ ನೆಲೆಗೊಳ್ಳುತ್ತವೆ. ಆದರೆ ಆ ಗ್ರಂಥಗಳು ರೂಪುಗೊಂಡ ಬಗೆಯನ್ನು ತಿಳಿಸುವ ಟಿಪ್ಪಣಿಗಳು, ಕರಡುಪ್ರತಿಗಳು, ಮಿತ್ರರೊಡನೆ ನಡೆಸಿದ ಪತ್ರವ್ಯವಹಾರ, ಇವೆಲ್ಲ ಏನಾಗುತ್ತವೆ? ಅನೇಕ ವೇಳೆ ಇವು ಗೆದ್ದಲಿಗೋ ಬೆಂಕಿಗೋ ಆಹುತಿಯಾಗುತ್ತವೆ. ಅದೃಷ್ಟವಿದ್ದಲ್ಲಿ ಮಾತ್ರ ಪತ್ರಾಗಾರವನ್ನು ಸೇರುತ್ತವೆ. ಕಲಾ ಇತಿಹಾಸದ ಒಬ್ಬ ಪ್ರಾಧ್ಯಾಪಕರ ಕಾಗದಪತ್ರಗಳಿಗೆ ಈ ಎರಡರ ನಡುವಣ ವಿಚಿತ್ರವಾದ ಗತಿಯೊಂದು ಒದಗಿತು. ಅದನ್ನು ಇಲ್ಲಿ ಪರಿಶೀಲಿಸೋಣ.

ಎರ್ವಿನ್ ಪನೋಫ್ಸ್ಕಿಯವರು 1892ರಲ್ಲಿ ಜರ್ಮನಿಯ ಹ್ಯಾನೋವರ್ ನಗರದಲ್ಲಿ ಜನಿಸಿದರು. 1920ರಲ್ಲಿ, ಆಗತಾನೇ ಸ್ಥಾಪಿತವಾಗಿದ್ದ ಹ್ಯಾಂಬರ್ಗ್ ವಿಶ್ವವಿದ್ಯಾನಿಲಯಕ್ಕೆ, ಅಧ್ಯಾಪನದ ಅರ್ಹತೆಗಾಗಿ ಪ್ರಬಂಧವೊಂದನ್ನು ಒಪ್ಪಿಸಿದರು. ಇಟಲಿಯ ಮಹಾಶಿಲ್ಪಿ ಮೈಕೆಲೇಂಜೆಲೊ ತನ್ನ ಕೃತಿಗಳಿಗೆ ರೂಪ ಕೊಡುತ್ತಿದ್ದ ತತ್ತ್ವಗಳಾವುವು, ಅವು ರಾಫೇಲನ ತತ್ತ್ವಗಳಿಗಿಂತ ಹೇಗೆ ಭಿನ್ನ ಎಂಬುದೇ ಅದರ ವಿಷಯ. ಪ್ರಬಂಧವು ಅಂಗೀಕೃತವಾಯಿತು; ಅಚ್ಚಾಗಲಿಲ್ಲ. ಮುಂದೆ ಅವರು ಅಲ್ಲಿಯೇ ಪ್ರಾಧ್ಯಾಪಕರಾಗಿ, ಚಿತ್ರವೊಂದರ ಆಕಾರವನ್ನಷ್ಟೇ ಅಲ್ಲದೆ ಅದರ ಅಂತರಾರ್ಥವನ್ನೂ ಶೋಧಿಸುವ ಹೊಸ ಮಾರ್ಗವನ್ನು ಬೆಳೆಸಿದರು.

1933ರಲ್ಲಿ ಅಧಿಕಾರಕ್ಕೆ ಬಂದ ನಾತ್ಸಿ ಸರ್ಕಾರವು ಯೆಹೂದಿ ಅಧ್ಯಾಪಕರನ್ನು ಹುದ್ದೆಗಳಿಂದ ಹೊರದೂಡಿತು. ಆಗ ನ್ಯೂಯಾರ್ಕಿನಲ್ಲಿ ಬೋಧಿಸುತ್ತಿದ್ದ ಪನೋಫ್ಸ್ಕಿಯವರಿಗೆ ತಮ್ಮ ವಜಾ ವಾರ್ತೆಯು ತಂತಿಯ ಮೂಲಕ ತಲುಪಿತು. ಆ ತಂತಿಯ ಲಕೋಟೆಯ ಮೇಲೆ ಈಸ್ಟರ್ ಹಬ್ಬದ ಶುಭಾಶಯವನ್ನು ಅಂಟಿಸಲಾಗಿತ್ತಂತೆ! 1935ರಿಂದ ಅವರು ಪ್ರಿನ್ಸ್‌ಟನ್ನಿನ ಉನ್ನತ ವ್ಯಾಸಂಗ ಸಂಸ್ಥೆಯಲ್ಲಿ ಐನ್‌ಸ್ಟೈನರ ಸಹೋದ್ಯೋಗಿಯಾದರು. ಸ್ಟ್ಯಾನ್‌ಫರ್ಡಿನ ಕಣವೇಗವರ್ಧಕ ಕೇಂದ್ರದ ಪ್ರಥಮ ನಿರ್ದೇಶಕರಾದ ಭೌತವಿಜ್ಞಾನಿ ವುಲ್ಫ್‌ಗ್ಯಾಂಗ್ ಪನೋಫ್ಸ್ಕಿಯವರು ಇವರ ಪುತ್ರರೇ.

1943ರ ಜುಲೈ ತಿಂಗಳಿನ ವೈಮಾನಿಕ ದಾಳಿಗಳಲ್ಲಿ ಹ್ಯಾಂಬರ್ಗ್ ನಗರದ ಬಹುಭಾಗವು ಸುಟ್ಟುಹೋಯಿತು. ಮೈಕೆಲೇಂಜೆಲೊ ಪ್ರಬಂಧವೂ ನಾಶವಾಯಿತೆಂದೇ ವಿದ್ವಾಂಸರು ದಶಕಗಳ ಕಾಲ ನಂಬಿದ್ದರು. 1967ರಲ್ಲಿ ಪನೋಫ್ಸ್ಕಿಯವರು ಉನ್ನತ ಗೌರವವೊಂದನ್ನು ಸ್ವೀಕರಿಸಲು ಮ್ಯೂನಿಕ್ ನಗರಕ್ಕೆ ಬಂದಿದ್ದರು. ಮರುವರ್ಷ ತೀರಿಕೊಂಡರು. ತಮ್ಮ ಯೌವನದ ಆ ಕೃತಿಯನ್ನು ಅವರು ಮತ್ತೆ ಕಾಣಲೇ ಇಲ್ಲ.

2012ರ ಆಗಸ್ಟ್ ತಿಂಗಳಿನಲ್ಲಿ ಅದೇ ಮ್ಯೂನಿಕ್ಕಿನ ಕಲಾ ಇತಿಹಾಸದ ಕೇಂದ್ರ ಸಂಸ್ಥೆಯ ನೆಲಮಾಳಿಗೆಯಲ್ಲಿದ್ದ ಹಳೆಯ ಉಕ್ಕಿನ ತಿಜೋರಿಯೊಂದರಲ್ಲಿ ಆ ಪ್ರಬಂಧವು ದೊರೆಯಿತು! ಸಂಸ್ಥೆಯಿರುವ ಆ ಕಟ್ಟಡವು ಒಂದು ಕಾಲಕ್ಕೆ ನಾತ್ಸಿ ಪಕ್ಷದ ಆಡಳಿತಭವನವೇ ಆಗಿದ್ದಿತು. ಸಂಸ್ಥೆಯ ಪ್ರಥಮ ನಿರ್ದೇಶಕರಾದ ಹೈಡೆನ್‌ರೈಖ್ ಅವರು ಹ್ಯಾಂಬರ್ಗಿನಲ್ಲಿ ಪನೋಫ್ಸ್ಕಿಯವರ ಶಿಷ್ಯರಾಗಿದ್ದವರು. ಅವರ ಕಾಗದಗಳೊಡನೆ ಗುರುವಿನ ಪ್ರಬಂಧವೂ ಅಲ್ಲಿ ಮೌನವಾಗಿ ಕುಳಿತಿತ್ತು.

ಇಂತಹ ಕಾಗದವು ಎಷ್ಟು ಕಾಲ ಬಾಳಬಲ್ಲದು? ಕಾಗದವು ಸೆಲ್ಯುಲೋಸ್ ಎಂಬ ವಸ್ತುವಿನ ನಾರುಗಳಿಂದಾದುದು. ನೂರಾರು, ಸಾವಿರಾರು ಗ್ಲೂಕೋಸ್ ಘಟಕಗಳು ಕೊಂಡಿಗೆ ಕೊಂಡಿ ಸೇರಿದ ಸರಪಳಿಯೇ ಸೆಲ್ಯುಲೋಸಿನ ಅಣು. ಹಿಂದೆ ಹತ್ತಿಯ ಮತ್ತು ನಾರಿನ ಚಿಂದಿಬಟ್ಟೆಗಳಿಂದ ಮಾಡುತ್ತಿದ್ದ ಕಾಗದವು ಶತಮಾನಗಳ ಕಾಲ ಗಟ್ಟಿಯಾಗಿರುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮರದ ತಿರುಳಿನ ಅಗ್ಗದ ಕಾಗದವು ಬಂದಿತು; ಶಾಯಿಯು ಹರಡದಂತೆ ಅದಕ್ಕೆ ರಾಳವನ್ನೂ ಪಟಿಕವನ್ನೂ ಸೇರಿಸತೊಡಗಿದರು. ಪಟಿಕವು ತೇವದೊಡನೆ ಸೇರಿ ಆಮ್ಲವನ್ನು ಉಂಟುಮಾಡುತ್ತದೆ. ಆಮ್ಲವು ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ತುಂಡರಿಸುತ್ತದೆ. ಆದರೂ ತಾನು ಸವೆಯುವುದಿಲ್ಲ. ಹಾಳೆಯು ಕಂದುಬಣ್ಣಕ್ಕೆ ತಿರುಗಿ, ಮಡಿಸಿದರೆ ಮುರಿಯುವಷ್ಟು ಪೆಡಸಾಗುತ್ತದೆ. ಇಪ್ಪತ್ತನೆಯ ಶತಮಾನದ ಅಸಂಖ್ಯ ಹಸ್ತಪ್ರತಿಗಳು ತಮ್ಮ ಶತ್ರುವನ್ನು ತಮ್ಮೊಳಗೇ ಹೊತ್ತಿವೆ.

ಈ ಶತ್ರುವನ್ನು ತಡೆಯುವ ಉಪಾಯಗಳು ವಿಜ್ಞಾನಕ್ಕೆ ಗೊತ್ತಿವೆ. ಉಷ್ಣತೆಯು ಹತ್ತು ಡಿಗ್ರಿ ಏರಿದರೆ ಇಂತಹ ರಾಸಾಯನಿಕ ಕ್ರಿಯೆಯ ವೇಗವು ಸುಮಾರು ಇಮ್ಮಡಿಯಾಗುತ್ತದೆ. ಆದುದರಿಂದ ಪತ್ರಾಗಾರಗಳನ್ನು ತಂಪಾಗಿ, ತೇವವು ಮಿತಿಮೀರದಂತೆ, ಬೆಳಕು ಬೀಳದಂತೆ ಇಡುತ್ತಾರೆ. ತುಕ್ಕು ಹಿಡಿಯುವ ಕಬ್ಬಿಣದ ಗುಂಡುಸೂಜಿಗಳನ್ನು ತೆಗೆದುಹಾಕಿ, ಹಾಳೆಗಳನ್ನು ಆಮ್ಲರಹಿತ ರಟ್ಟಿನ ಪೆಟ್ಟಿಗೆಗಳಲ್ಲಿ ಜೋಡಿಸುತ್ತಾರೆ. ಅವಶ್ಯವಿದ್ದಲ್ಲಿ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಸಂಯುಕ್ತಗಳಿಂದ ಆಮ್ಲವನ್ನು ತಟಸ್ಥಗೊಳಿಸುತ್ತಾರೆ.

ಆದರೆ ಪನೋಫ್ಸ್ಕಿಯವರ ಪ್ರಬಂಧವನ್ನು ನಮ್ಮಿಂದ ಅಷ್ಟು ಕಾಲ ಮರೆಮಾಡಿದುದು ಆಮ್ಲವೂ ಅಲ್ಲ, ಬಾಂಬೂ ಅಲ್ಲ. ಕಾಗದದ ಎರಡನೆಯ ಶತ್ರು ಮರೆವು. ತಿಜೋರಿಯಲ್ಲಿ ಏನಿದೆಯೆಂಬುದು ಯಾವ ಪಟ್ಟಿಯಲ್ಲಿಯೂ ಕಾಣದಿದ್ದರೆ ಇದ್ದ ವಸ್ತುವೂ ಇಲ್ಲದಂತೆಯೇ. ಪತ್ರಾಗಾರದ ಪಾಲಕನು ಇದಕ್ಕಾಗಿ ಎರಡು ನಿಯಮಗಳನ್ನು ಪಾಲಿಸುತ್ತಾನೆ. ಒಬ್ಬರ ಕಾಗದಗಳನ್ನು ಮತ್ತೊಬ್ಬರವುಗಳೊಡನೆ ಬೆರೆಸಬಾರದೆಂಬುದು ಮೊದಲನೆಯದು. ಮಾಲಿಕರು ಇರಿಸಿದ್ದ ಕ್ರಮವನ್ನು ಸಾಧ್ಯವಾದಷ್ಟೂ ಕೆಡಿಸಬಾರದೆಂಬುದು ಎರಡನೆಯದು. ಏಕೆಂದರೆ ಯಾವ ಪತ್ರವು ಯಾವ ಟಿಪ್ಪಣಿಯ ಪಕ್ಕದಲ್ಲಿತ್ತೆಂಬುದೂ ಒಂದು ಸಾಕ್ಷ್ಯವೇ. ಬಳಿಕ ಯಾವ ಪೆಟ್ಟಿಗೆಯಲ್ಲಿ ಯಾವ ಕಡತವಿದೆಯೆಂಬ ಸೂಚಿಯನ್ನು ಸಿದ್ಧಪಡಿಸುತ್ತಾನೆ. ಅಮೆರಿಕದ ಕಲಾ ಪತ್ರಾಗಾರದಲ್ಲಿ ಪನೋಫ್ಸ್ಕಿಯವರ ಉಳಿದ ಕಾಗದಪತ್ರಗಳನ್ನು ಹೀಗೆಯೇ ರಕ್ಷಿಸಲಾಗಿದೆ. ಅವರ ಆಯ್ದ ಪತ್ರವ್ಯವಹಾರವು 2001ರಿಂದ 2011ರವರೆಗೆ ಐದು ದೊಡ್ಡ ಸಂಪುಟಗಳಲ್ಲಿ ಪ್ರಕಟವಾದುದು ಇಂತಹ ವ್ಯವಸ್ಥೆಯ ಫಲ.

ಕಳೆದುಹೋಗಿದ್ದ ಪ್ರಬಂಧವನ್ನು ಪನೋಫ್ಸ್ಕಿಯವರ ಪತ್ನಿ, ಸ್ವತಃ ಕಲಾ ಇತಿಹಾಸಜ್ಞೆಯಾದ ಗೆರ್ಡಾ ಅವರು ಸಂಪಾದಿಸಿ, 2014ರಲ್ಲಿ ಹೊರತಂದರು. ಚಿತ್ರಗಳ ಅರ್ಥವನ್ನು ಶೋಧಿಸಿ ಕೀರ್ತಿ ಪಡೆದ ವಿದ್ವಾಂಸರು ಮೊದಲು ಕಲ್ಲು ಮತ್ತು ಬಣ್ಣಗಳ ರೂಪವನ್ನು ಎಷ್ಟು ಆಳವಾಗಿ ಅಭ್ಯಸಿಸಿದ್ದರೆಂಬುದನ್ನು ಆ ಪುಟಗಳು ತೋರಿಸುತ್ತವೆ. ಬರೆದ ಕೃತಿಯು ಓದುಗರನ್ನು ತಲುಪಲು ತೊಂಬತ್ತನಾಲ್ಕು ವರ್ಷಗಳು ಹಿಡಿದವು. ಕಾಗದವನ್ನು ಉಳಿಸುವುದು ರಸಾಯನಶಾಸ್ತ್ರದ ಕೆಲಸ. ಉಳಿದುದು ಮತ್ತೆ ಕೈಗೆ ಸಿಗುವಂತೆ ಮಾಡುವುದು ಪಟ್ಟಿ ಬರೆಯುವ ತಾಳ್ಮೆಯ ಕೈಗಳ ಕೆಲಸ. ಎರಡೂ ಕೂಡಿದಾಗ ಮಾತ್ರ ಒಬ್ಬರ ಚಿಂತನೆಯು ಮುಂದಿನ ತಲೆಮಾರಿನ ಸ್ವತ್ತಾಗಬಲ್ಲದು.