ಕುದುರೆ ಸುತ್ತಿದಷ್ಟು ನೆಲ: ಪೋಲೆಂಡಿನ ತಾತಾರರ ಹಳ್ಳಿ

ಪೋಲೆಂಡ್ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಇಗರ್ಜಿಗಳ ನಾಡು. ಅಂಥ ದೇಶದ ಪೂರ್ವದಂಚಿನಲ್ಲಿ, ಬೆಲಾರುಸ್ ಗಡಿಗೆ ತೀರ ಸಮೀಪದಲ್ಲಿ, ಮೂರು ಶತಮಾನಗಳಿಗೂ ಮೀರಿ ಮುಸಲ್ಮಾನರು ನೆಲೆಸಿರುವ ಹಳ್ಳಿಯೊಂದುಂಟು ಎಂದರೆ ಅನೇಕರಿಗೆ ಅಚ್ಚರಿಯಾದೀತು. ಆ ಹಳ್ಳಿಯ ಹೆಸರು ಕ್ರುಷಿನ್ಯಾನಿ.

ಬಿಯಾವಿಸ್ತೊಕ್ ಪಟ್ಟಣದಿಂದ ಪೂರ್ವಕ್ಕೆ ಸುಮಾರು 50 ಕಿಲೋಮೀಟರು ಸಾಗಿದರೆ ಈ ಊರು ಸಿಗುತ್ತದೆ. ದಾರಿಯುದ್ದಕ್ಕೂ ದೇವದಾರು ಜಾತಿಯ ಮರಗಳ ಕಾಡು. ಕಾಡು ಸರಿದ ಕಡೆ ಮೆಲ್ಲಗೆ ಏರಿ ಇಳಿಯುವ ಹೊಲಗಳು, ಹುಲ್ಲುಗಾವಲುಗಳು. ಹಿಮಯುಗದಲ್ಲಿ ನೀರ್ಗಲ್ಲ ನದಿಗಳು ಹೊತ್ತು ತಂದು ಬಿಟ್ಟುಹೋದ ಗುಂಡುಗಲ್ಲುಗಳು ಈ ನೆಲದಲ್ಲಿ ಹೇರಳವಾಗಿವೆ. ಉದ್ದನೆಯ ಬೀದಿಯ ಎರಡು ಬದಿಗೂ ಮರದ ಮನೆಗಳು. ನಡುವೆ, ಹಳೆಯ ಮರಗಳ ನೆರಳಿನಲ್ಲಿ, ಹಸುರು ಬಣ್ಣ ಬಳಿದ ಒಂದು ಮರದ ಕಟ್ಟಡ. ಮುಂಭಾಗದಲ್ಲಿ ಎರಡು ಗೋಪುರಗಳಿರುವ ಅದನ್ನು ದೂರದಿಂದ ಕಂಡವರು ಹಳ್ಳಿಯ ಇಗರ್ಜಿಯೆಂದೇ ಭಾವಿಸುವರು. ಹತ್ತಿರ ಹೋದಾಗ ಗೋಪುರದ ತುದಿಯಲ್ಲಿ ಶಿಲುಬೆಯ ಬದಲು ಅರ್ಧಚಂದ್ರ ಕಾಣುತ್ತದೆ. ಹದಿನೆಂಟನೆಯ ಶತಮಾನದ್ದೆಂದು ಹೇಳಲಾಗುವ ಈ ಮಸೀದಿಯನ್ನು ಕಟ್ಟಿದವರು ಆ ಸೀಮೆಯ ಬಡಗಿಗಳು. ಇಗರ್ಜಿ ಕಟ್ಟಿ ಪಳಗಿದ ಕೈಗಳು ತಮಗೆ ತಿಳಿದ ರೀತಿಯಲ್ಲೇ ಮಸೀದಿಯನ್ನೂ ನಿಲ್ಲಿಸಿದುವು.

ಈ ಊರಿಗೆ ತಾತಾರರು ಬಂದ ಬಗೆಯನ್ನು ಐತಿಹ್ಯವು ಬಲು ಸೊಗಸಾಗಿ ಹೇಳುತ್ತದೆ. 1683ರಲ್ಲಿ ತುರ್ಕರು ವಿಯೆನ್ನಾ ನಗರವನ್ನು ಮುತ್ತಿದಾಗ ಪೋಲೆಂಡಿನ ದೊರೆ ಮೂರನೆಯ ಯಾನ್ ಸೊಬಿಯೆಸ್ಕಿ ಅದರ ನೆರವಿಗೆ ಧಾವಿಸಿ ಜಯಶಾಲಿಯಾದನು. ಅದರ ಮರುತಿಂಗಳು ಡ್ಯಾನ್ಯೂಬ್ ನದಿಯ ದಡದ ಪಾರ್ಕಾನಿಯಲ್ಲಿ ನಡೆದ ಕಾಳಗದಲ್ಲಿ ದೊರೆಯ ಪ್ರಾಣಕ್ಕೇ ಸಂಚಕಾರ ಬಂದಿತು. ಆಗ ಸಾಮುಯೆಲ್ ಮುರ್ಜಾ ಕ್ಷೆಚೊವ್‌ಸ್ಕಿ ಎಂಬ ತಾತಾರ ಸರದಾರನು ಅವನನ್ನು ಕಾಪಾಡಿದನಂತೆ. ಕೃತಜ್ಞನಾದ ದೊರೆ, 'ಒಂದು ದಿನದಲ್ಲಿ ನಿನ್ನ ಕುದುರೆ ಎಷ್ಟು ನೆಲವನ್ನು ಸುತ್ತಿ ಬರುವುದೋ ಅಷ್ಟೂ ನಿನ್ನದು' ಎಂದನಂತೆ. ಹಾಗೆ ಸುತ್ತಿ ಪಡೆದ ನೆಲವೇ ಕ್ರುಷಿನ್ಯಾನಿ! ಐದು ವರ್ಷಗಳ ತರುವಾಯ, 1688ರಲ್ಲಿ, ದೊರೆ ತಾನೇ ಈ ಹಳ್ಳಿಗೆ ದಯಮಾಡಿಸಿ, ಸರದಾರನ ಮನೆಯೆದುರಿನ ಲಿಂಡನ್ ಮರಗಳ ಕೆಳಗೆ ಕುಳಿತು ಅವನೊಡನೆ ಹಳೆಯ ದಿನಗಳನ್ನು ಮಾತನಾಡಿದನೆಂದೂ ಊರವರು ಹೇಳುವರು.

ಕಥೆ ಚೆನ್ನಾಗಿದೆ. ಆದರೆ ದಾನಪತ್ರವು ಬೇರೊಂದನ್ನು ನುಡಿಯುತ್ತದೆ. ಕ್ಷೆಚೊವ್‌ಸ್ಕಿಗೂ ಅವನ ಸಂಗಡಿಗರಿಗೂ ಈ ನೆಲ ದೊರೆತದ್ದು 1679ರಲ್ಲಿ. ಎಂದರೆ ಪಾರ್ಕಾನಿಯ ಕಾಳಗಕ್ಕೆ ನಾಲ್ಕು ವರ್ಷ ಮೊದಲು! ಹಾಗಾದರೆ ದೊರೆ ಅದನ್ನು ಕೊಟ್ಟದ್ದೇಕೆ?

ಇದಕ್ಕೆ ಉತ್ತರ ಬೇಕಾದರೆ ಇನ್ನೂ ಹಿಂದೆ ಹೋಗಬೇಕು. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಲಿಥುವೇನಿಯದ ಅರಸ ವಿತೌತಾಸನು ತಾತಾರರನ್ನು ಕರೆತಂದು ತನ್ನ ನಾಡಿನಲ್ಲಿ ನೆಲೆಗೊಳಿಸಿದನು. ದಂಡಿನ ಸೇವೆಗೆ ಪ್ರತಿಯಾಗಿ ಭೂಮಿ, ತಮ್ಮ ಧರ್ಮವನ್ನು ಪಾಲಿಸುವ ಸ್ವಾತಂತ್ರ್ಯ; ನಮ್ಮ ಮಾತಿನಲ್ಲಿ ಹೇಳುವುದಾದರೆ ಉಂಬಳಿ. ಲಿಪ್ಕಾ ತಾತಾರರೆಂದು ಹೆಸರಾದ ಇವರು 1410ರ ಗ್ರುನ್ವಾಲ್ಡ್ ಸಮರದಲ್ಲಿಯೂ ಕಾದಿದರು. ಆದರೆ ಹದಿನೇಳನೆಯ ಶತಮಾನದಲ್ಲಿ ಯುದ್ಧದ ಮೇಲೆ ಯುದ್ಧ ಬಂದು ಬೊಕ್ಕಸ ಬರಿದಾಯಿತು, ಸಂಬಳ ನಿಂತಿತು, ಹಳೆಯ ಹಕ್ಕುಗಳಿಗೂ ಕತ್ತರಿ ಬಿದ್ದಿತು. 1672ರಲ್ಲಿ ಪೋಲೆಂಡಿನ ಸೇವೆಯಲ್ಲಿದ್ದ ಅನೇಕ ತಾತಾರರು ದಂಗೆಯೆದ್ದು ತುರ್ಕರ ಪಕ್ಷ ಸೇರಿದರು. ಅಲ್ಲಿಯೂ ಅವರಿಗೆ ನೆಮ್ಮದಿ ದೊರೆಯಲಿಲ್ಲ. ಕೆಲವೇ ವರ್ಷಗಳಲ್ಲಿ ಬಹುಮಂದಿ ಹಿಂದಿರುಗಿದರು. ಸೊಬಿಯೆಸ್ಕಿ ಅವರನ್ನು ಕ್ಷಮಿಸಿದನು. ಅಷ್ಟೇ ಅಲ್ಲ, ಹಣವಿಲ್ಲದ ಕಾರಣ, ಬಾಕಿಯಿದ್ದ ಸಂಬಳಕ್ಕೆ ಬದಲಾಗಿ ಕ್ರುಷಿನ್ಯಾನಿ, ಬೊಹೊನಿಕಿ ಮೊದಲಾದ ಹಳ್ಳಿಗಳಲ್ಲಿ ಭೂಮಿಯನ್ನು ಕೊಟ್ಟನು.

ಎಂದರೆ, ಐತಿಹ್ಯವು ಉಡುಗೊರೆಯೆಂದದ್ದು ನಿಜವಾಗಿ ಸಾಲದ ತೀರುವಳಿ. ಜನರ ನೆನಪು ದಂಗೆಯ ಕಹಿಯನ್ನು ಮರೆಸಿ, ಕುದುರೆಯ ಓಟವನ್ನು ಉಳಿಸಿಕೊಂಡಿತು. ಆದರೂ ಐತಿಹ್ಯವನ್ನು ಬರಿಯ ಸುಳ್ಳೆಂದು ತಳ್ಳಿಹಾಕಲಾಗದು. 1683ರ ದಂಡಯಾತ್ರೆಯಲ್ಲಿ ಲಿಪ್ಕಾ ತಾತಾರರು ಸೊಬಿಯೆಸ್ಕಿಯ ಪಕ್ಕದಲ್ಲಿದ್ದದ್ದು ದಿಟ. ಎದುರು ಪಕ್ಷದಲ್ಲಿ ಕ್ರಿಮಿಯದ ತಾತಾರರಿದ್ದುದರಿಂದ, ತಮ್ಮವರನ್ನು ಗುರುತಿಸಲೆಂದು ಇವರು ಟೊಪ್ಪಿಗೆಯಲ್ಲಿ ಹುಲ್ಲಿನ ಕಡ್ಡಿ ಸಿಕ್ಕಿಸಿಕೊಂಡು ಹೋರಾಡಿದರೆಂದು ಪ್ರತೀತಿ. ಹತ್ತು ವರ್ಷ ಹಿಂದೆ ಮುನಿದು ಹೋದವರು ಈಗ ದೊರೆಯ ಬದಿಯಲ್ಲಿ ನಿಂತರು. ದೊರೆ ಬಾಕಿಯನ್ನು ತೀರಿಸಿದನು. ಅವರು ಉಂಡ ಉಪ್ಪಿನ ಋಣವನ್ನು ತೀರಿಸಿದರು. ಕಥೆಯಲ್ಲಿ ಈ ಎರಡರ ಕಾಲಕ್ರಮ ಮಾತ್ರ ತಿರುವುಮುರುವಾಗಿದೆ.

ಮಸೀದಿಯ ಹಿಂದಿನ ಗುಡ್ಡದ ಮೇಲೆ, ಮರಗಳ ನಡುವೆ, ತಾತಾರರ ಸ್ಮಶಾನವಿದೆ. ಅಲ್ಲಿ ದೊರೆತ ಅತ್ಯಂತ ಹಳೆಯ ಗೋರಿಕಲ್ಲು 1699ನೆಯ ಇಸವಿಯದು. ಹೊಲದ ಗುಂಡುಗಲ್ಲುಗಳೇ ಹಳೆಯ ಗೋರಿಗಳ ಗುರುತು. ಕೆಲವು ಕಲ್ಲುಗಳ ಮೇಲೆ ಅರಬ್ಬೀ ಲಿಪಿ, ಕೆಲವುಗಳ ಮೇಲೆ ರಷ್ಯನ್, ಇತ್ತೀಚಿನವುಗಳ ಮೇಲೆ ಪೋಲಿಷ್. ಆಳಿದವರು ಬದಲಾದಂತೆ ಅಕ್ಷರಗಳೂ ಬದಲಾದುವು. ಈ ಜನ ತಮ್ಮ ತಾತಾರ ನುಡಿಯನ್ನು ಬಹು ಹಿಂದೆಯೇ ಕಳೆದುಕೊಂಡರು. ಆದರೆ ಬೆಲರೂಸಿಯನ್ ಮತ್ತು ಪೋಲಿಷ್ ಮಾತುಗಳನ್ನು ಅರಬ್ಬೀ ಅಕ್ಷರಗಳಲ್ಲಿ ಬರೆದು 'ಕಿತಾಬ್'ಗಳೆಂಬ ಧರ್ಮಗ್ರಂಥಗಳನ್ನು ರಚಿಸಿಕೊಂಡರು. ಭಾಷೆ ಹೋದರೂ ಲಿಪಿಯ ಮೇಲಿನ ಗೌರವ ಹೋಗಲಿಲ್ಲ.

ಎರಡನೆಯ ಮಹಾಯುದ್ಧದ ತರುವಾಯ ಗಡಿಗಳು ಸರಿದಾಗ ಈ ಜನರ ಹಲವು ಊರುಗಳು ಬೆಲಾರುಸ್, ಲಿಥುವೇನಿಯಗಳಿಗೆ ಸೇರಿದುವು. ಹಳೆಯ ಮರದ ಮಸೀದಿಗಳಲ್ಲಿ ಪೋಲೆಂಡಿಗೆ ಉಳಿದುವು ಕ್ರುಷಿನ್ಯಾನಿ, ಬೊಹೊನಿಕಿಗಳ ಎರಡೇ. ಕಾಲಕ್ರಮದಲ್ಲಿ ತರುಣರು ಪಟ್ಟಣಗಳಿಗೆ ತೆರಳಿದರು. ಇಂದು ಊರಿನಲ್ಲಿ ಇರುವವು ಬೆರಳೆಣಿಕೆಯ ತಾತಾರ ಮನೆಗಳು ಮಾತ್ರ. ನೆರೆಯವರು ಹೆಚ್ಚಾಗಿ ಆರ್ಥೊಡಾಕ್ಸ್ ಕ್ರೈಸ್ತರು. ಹಬ್ಬ ಬಂದಾಗ ಹೊರಗೆ ನೆಲೆಸಿದವರು ಹಿಂದಿರುಗುತ್ತಾರೆ. ತೆಳ್ಳನೆಯ ಹಿಟ್ಟಿನ ಪದರಗಳ ನಡುವೆ ಹೂರಣವಿಟ್ಟು, ಸುರುಳಿ ಸುತ್ತಿ ಬೇಯಿಸುವ 'ಪೆರೆಕಾಚೆವ್ನಿಕ್' ಎಂಬ ಭಕ್ಷ್ಯ ಆಗ ಸಿದ್ಧವಾಗುತ್ತದೆ.

2012ರಲ್ಲಿ ಪೋಲೆಂಡ್ ಸರ್ಕಾರವು ಎರಡೂ ಊರುಗಳ ಮಸೀದಿ, ಸ್ಮಶಾನಗಳನ್ನು ರಾಷ್ಟ್ರದ ಐತಿಹಾಸಿಕ ಸ್ಮಾರಕಗಳೆಂದು ಸಾರಿತು. ಆದರೂ 2014ರಲ್ಲಿ ಕಿಡಿಗೇಡಿಗಳು ಕ್ರುಷಿನ್ಯಾನಿಯ ಮಸೀದಿಯ ಗೋಡೆಯ ಮೇಲೆ ಹಂದಿಯ ಚಿತ್ರ ಬಳಿದು, ಗೋರಿಗಳನ್ನೂ ಕೆಡಿಸಿದರು. 2018ರಲ್ಲಿ ಊರಿನ ಹೆಸರಾಂತ ತಾತಾರ ಭೋಜನಗೃಹವು ಬೆಂಕಿಯ ಅನಾಹುತದಲ್ಲಿ ಸುಟ್ಟುಹೋದಾಗ ದೇಶದ ನಾನಾ ಕಡೆಯ ಜನ ಹಣ ಕಳುಹಿದರು; ಅದು ಮತ್ತೆ ಎದ್ದುನಿಂತಿತು. ಒಂದೇ ನಾಡು ಹೀಗೆ ಎರಡು ಮುಖಗಳನ್ನು ತೋರಿಸಿತು.

ಕುದುರೆಯ ಓಟದಿಂದ ಪಡೆದ ನೆಲವೆಂದು ಊರು ಹೆಮ್ಮೆಪಡಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಸೇವೆ ಸಲ್ಲಿಸಿದವರಿಗೆ ತಾನು ಸಾಲಗಾರನೆಂದು ಒಬ್ಬ ದೊರೆ ಒಪ್ಪಿಕೊಂಡು, ಮುನಿದವರಿಗೆ ಮನೆಯನ್ನು ಕೊಟ್ಟನೆಂಬ ಸಂಗತಿ ಆ ಕಥೆಗಿಂತ ಹಿರಿದಾದುದು. ಮುನ್ನೂರು ವರ್ಷಗಳ ಮೇಲೆಯೂ ಆ ಮನೆಗಳಲ್ಲಿ ದೀಪ ಉರಿಯುತ್ತಿದೆ.