ಜಾಲಸ್ಥಾನದ ನಾಮಾಂತರ: ಆದೇಶವೂ ಅವಗುಂಠನವೂ

೧

ಗ್ರಂಥಸಂಪಾದನೆಯಲ್ಲಿಯೂ ಶಾಸನಪರಿಶೋಧನದಲ್ಲಿಯೂ ತೊಡಗಿರುವ ವಿದ್ವಾಂಸರು ಈಗ ಮುದ್ರಿತಗ್ರಂಥಗಳ ಪುಟಸಂಖ್ಯೆಯೊಡನೆ ಜಾಲಸ್ಥಾನಗಳ ವಿಳಾಸಗಳನ್ನೂ ಆಧಾರವಾಗಿ ಕೊಡುತ್ತಿರುವರು. ಅಚ್ಚಾದ ಪುಟವು ತನ್ನ ಸ್ಥಳವನ್ನು ಬಿಟ್ಟು ಕದಲುವುದಿಲ್ಲ. ಜಾಲದ ಪುಟವಾದರೋ ಹೆಸರನ್ನು ಬದಲಿಸಬಹುದು, ಮನೆಯನ್ನು ಬದಲಿಸಬಹುದು, ಒಂದು ಮನೆಯಲ್ಲಿದ್ದುಕೊಂಡೇ ಬೇರೊಂದು ಮನೆಯ ಫಲಕವನ್ನು ತೋರಿಸಬಹುದು. ಈ ಭೇದಗಳನ್ನರಿಯದೆ ವಿಳಾಸವನ್ನು ಉದ್ಧರಿಸಿದರೆ ಆಧಾರವೇ ನಿರಾಧಾರವಾಗುವ ಸಂಭವವುಂಟು. ಸ್ವಂತ ಡೊಮೇನ್ ಹೆಸರನ್ನು ಪಡೆದು, ಅದನ್ನು ಬೇರೆಡೆಯಲ್ಲಿರುವ ಜಾಲಸ್ಥಾನಕ್ಕೆ ಹೊಂದಿಸುವ ಕ್ರಮಗಳು ಯಾವುವು, ಅವುಗಳ ಲಕ್ಷಣವೇನು, ಅಧ್ಯಯನಕ್ಕೆ ಅವುಗಳಿಂದ ಒದಗುವ ಗುಣದೋಷಗಳೇನು ಎಂಬುದು ಇಲ್ಲಿ ವಿಚಾರಿಸತಕ್ಕ ವಿಷಯ.

೨

ಹೆಸರಿಗೂ ಸ್ಥಳಕ್ಕೂ ಇರುವ ಸಂಬಂಧವು ಕನ್ನಡ ವಿದ್ವಾಂಸರಿಗೆ ಹೊಸದಲ್ಲ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯೇ ಇದಕ್ಕೆ ನಿದರ್ಶನ. ಈ ಬೆಟ್ಟಕ್ಕೆ ಕಕುದ್ಗಿರಿಯೆಂಬ ನಾಮಾಂತರವಿದೆ. ಪೂರ್ವದಿಂದ ನೋಡಿದರೆ ವೃಷಭದಂತೆಯೂ, ಪಶ್ಚಿಮದಿಂದ ಗಣಪತಿಯಂತೆಯೂ, ದಕ್ಷಿಣದಿಂದ ಲಿಂಗದಂತೆಯೂ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆಯೂ ಕಾಣುವುದೆಂದು ಪ್ರಸಿದ್ಧಿ. ಹೆಸರುಗಳು ಎರಡು, ಆಕೃತಿಗಳು ನಾಲ್ಕು, ಬೆಟ್ಟವು ಒಂದೇ. ಯಾವ ಹೆಸರಿನಿಂದ ಕೇಳಿದರೂ ದಾರಿಹೋಕನು ಗಂಗಾಧರೇಶ್ವರನ ಗುಡಿಯ ಬಳಿಗೇ ಬಂದು ಸೇರುತ್ತಾನೆ.

ಸ್ಥಳವು ಕದಲದಿದ್ದರೂ ಅದರ ವಿಳಾಸವು ಕದಲಬಹುದು. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ೧೯೦೫ರಲ್ಲಿ ಪ್ರಕಟಿಸಿದಾಗ ನೆಲಮಂಗಲವು ಆ ಜಿಲ್ಲೆಯ ತಾಲ್ಲೂಕು. ೧೯೮೬ರಲ್ಲಿ ಜಿಲ್ಲೆಯು ಎರಡಾಗಿ ನೆಲಮಂಗಲವು ಗ್ರಾಮಾಂತರ ಜಿಲ್ಲೆಗೆ ಸೇರಿತು. ಕಲ್ಲು ಇದ್ದಲ್ಲಿಯೇ ಇದೆ. ಅದನ್ನು ಹುಡುಕುವ ಮಾರ್ಗವು ಬೇರೆಯಾಯಿತು.

ಇದಕ್ಕಿಂತಲೂ ಪ್ರಕೃತಕ್ಕೆ ಸಮೀಪವಾದ ದೃಷ್ಟಾಂತವು ಶ್ರವಣಬೆಳಗೊಳದ್ದು. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲದೇವಿಯು ಶಿವಗಂಗೆಯಲ್ಲಿ ಮುಡಿಪಿದಳೆಂದೂ, ತರುವಾಯ ಆಕೆಯ ತಾಯಿ ಮಾಚಿಕಬ್ಬೆಯು ಬೆಳಗೊಳದಲ್ಲಿ ಸಂನ್ಯಸನವನ್ನು ಕೈಕೊಂಡಳೆಂದೂ ಅಲ್ಲಿನ ಶಾಸನದಿಂದ ತಿಳಿದುಬರುತ್ತದೆ. ರಾಣಿಯ ಮರಣದ ಕಾಲವನ್ನು ಕ್ರಿ.ಶ. ೧೧೩೧ ಎಂದು ಗಣಿಸಿರುವರು. ಬೆಳಗೊಳದ ಶಾಸನಸಂಪುಟವನ್ನು ರೈಸ್ ಅವರು ೧೮೮೯ರಲ್ಲಿ ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು ಅದನ್ನು ಪರಿಷ್ಕರಿಸಿ ೧೯೨೩ರಲ್ಲಿ ಹೊರತಂದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ೧೯೭೩ರಲ್ಲಿ ಮತ್ತೊಂದು ಆವೃತ್ತಿಯನ್ನು ಪ್ರಕಟಿಸಿತು. ಆವೃತ್ತಿ ಬದಲಾದಂತೆ ಶಾಸನಗಳ ಸಂಖ್ಯೆಯೂ ಬದಲಾಯಿತು. ಆದರೆ ನರಸಿಂಹಾಚಾರ್ಯರು ಹೊಸ ಸಂಖ್ಯೆಯ ಪಕ್ಕದಲ್ಲಿಯೇ ಹಳೆಯ ಸಂಖ್ಯೆಯನ್ನು ಕಂಸದೊಳಗೆ ಮುದ್ರಿಸಿದುದರಿಂದ, ಹಳೆಯ ಸಂಖ್ಯೆಯನ್ನು ಹಿಡಿದು ಬಂದವನೂ ದಾರಿ ತಪ್ಪುವಂತಿಲ್ಲ. ಜಾಲದಲ್ಲಿ ‘ಪುನರ್ನಿರ್ದೇಶ’ವೆನಿಸಿಕೊಳ್ಳುವ ಕಾರ್ಯದ ಸಾರವು ಇಷ್ಟೇ: ಹಳೆಯ ಹೆಸರಿನಿಂದ ಬಂದವನನ್ನು ಹೊಸ ಸ್ಥಾನಕ್ಕೆ ಬಹಿರಂಗವಾಗಿ ಕಳುಹಿಸುವುದು.

೩

ಗಣಕಯಂತ್ರಗಳು ಪರಸ್ಪರ ಗುರುತಿಸುವುದು ಅಂಕಿಗಳಿಂದ. ಮನುಷ್ಯರ ಅನುಕೂಲಕ್ಕಾಗಿ ಆ ಅಂಕಿಗಳಿಗೆ ಹೆಸರುಗಳನ್ನು ಹೊಂದಿಸಿದೆ. ಮೊದಲು ಹೆಸರುಗಳೆಲ್ಲವೂ ಒಂದೇ ಪಟ್ಟಿಯಲ್ಲಿದ್ದುವು. ಯಂತ್ರಗಳು ಹೆಚ್ಚಿದಂತೆ ಆ ಕ್ರಮವು ನಡೆಯಲಾರದೆ, ೧೯೮೩ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಹೆಸರುಗಳನ್ನು ಶಾಖೋಪಶಾಖೆಗಳಾಗಿ ಹಂಚುವ ಡೊಮೇನ್ ವ್ಯವಸ್ಥೆಯನ್ನು ರೂಪಿಸಿದರು. ೧೯೮೭ರಲ್ಲಿ ಪರಿಷ್ಕೃತವಾದ ಅದರ ನಿಯಮಗಳು ಇಂದಿಗೂ ಬುನಾದಿಯಾಗಿವೆ.

ಶಿವಗಂಗೆಯ ಶಾಸನಪಾಠಗಳನ್ನು ಸಂಗ್ರಹಿಸುವ ಒಬ್ಬ ಅಧ್ಯಾಪಕರು, ಉಚಿತವಾಗಿ ಆಶ್ರಯ ಕೊಡುವ ಸಂಸ್ಥೆಯೊಂದರ ಜಾಲಸ್ಥಾನದಲ್ಲಿ ಅವುಗಳನ್ನಿಟ್ಟಿರುವರೆಂದು ಭಾವಿಸಬಹುದು. ಆ ವಿಳಾಸವು ಉದ್ದವಾದುದು. ಆಶ್ರಯದಾತರ ಹೆಸರೇ ಅದರಲ್ಲಿ ಮುಂದಾಗಿರುವುದು. ಅಧ್ಯಾಪಕರು ತಮ್ಮ ಹೆಸರಿನ ಡೊಮೇನನ್ನು ಪಡೆದು ಅದರಿಂದಲೇ ಓದುಗರು ಬರಬೇಕೆಂದು ಬಯಸಿದರೆ ಅವರ ಮುಂದೆ ಮುಖ್ಯವಾಗಿ ಮೂರು ಮಾರ್ಗಗಳಿವೆ.

ಮೊದಲನೆಯದು ಪರ್ಯಾಯನಾಮ. ಈ ಹೆಸರಿನ ಪ್ರಧಾನನಾಮವು ಇಂಥದೆಂದು ಡೊಮೇನ್ ದಾಖಲೆಯಲ್ಲಿ ಬರೆಯುವುದು. ಕಕುದ್ಗಿರಿಯೆಂದರೆ ಶಿವಗಂಗೆಯೆಂದು ನಿಘಂಟು ಹೇಳುವಂತೆ ಇದು. ಇಲ್ಲಿ ಎರಡು ನಿಯಮಗಳನ್ನು ಮರೆಯಬಾರದು. ಪರ್ಯಾಯನಾಮವಿರುವ ಕಡೆ ಬೇರೆ ದಾಖಲೆಯಿರಕೂಡದು. ಡೊಮೇನಿನ ಮೂಲಹೆಸರಿಗೆ ಬೇರೆ ದಾಖಲೆಗಳು ಅವಶ್ಯವಾದುದರಿಂದ, ಅದಕ್ಕೆ ಪೂರ್ವಪದವೊಂದನ್ನು ಸೇರಿಸಿದ ಹೆಸರಿಗೇ ಇದು ಸಲ್ಲುವುದು. ಅಲ್ಲದೆ, ನಿಘಂಟು ಹೇಳಿದ ಮಾತ್ರಕ್ಕೆ ಮನೆಯವರು ಬಾಗಿಲು ತೆರೆಯುವುದಿಲ್ಲ. ಆಶ್ರಯ ಕೊಟ್ಟ ಸರ್ವರೂ ಈ ಹೊಸ ಹೆಸರು ತನ್ನಲ್ಲಿರುವ ಇಂಥ ಜಾಲಸ್ಥಾನದ್ದೆಂದು ಒಪ್ಪಿಕೊಂಡಿರಬೇಕು; ಆ ಹೆಸರಿಗೆ ಸುರಕ್ಷತೆಯ ಪ್ರಮಾಣಪತ್ರವೂ ಇರಬೇಕು. ಇಲ್ಲವಾದರೆ ಓದುಗನಿಗೆ ದೋಷಸೂಚನೆಯೇ ದೊರೆಯುವುದು.

ಎರಡನೆಯದು ಪುನರ್ನಿರ್ದೇಶ. ಓದುಗನು ಸ್ವಂತ ಡೊಮೇನಿನ ಬಾಗಿಲಿಗೆ ಬಂದಾಗ ಅಲ್ಲಿನ ಸರ್ವರು ಒಂದು ಸಂಖ್ಯೆಯನ್ನೂ ನಿಜವಾದ ವಿಳಾಸವನ್ನೂ ಹೇಳಿ ಅಲ್ಲಿಗೆ ಕಳುಹಿಸುತ್ತದೆ. ಮನೆ ಬದಲಿಸಿದವರ ಕಾಗದದ ಮೇಲೆ ಅಂಚೆಯವರು ಹಳೆಯ ವಿಳಾಸವನ್ನು ಹೊಡೆದು ಹೊಸದನ್ನು ಬರೆಯುವಂತೆ ಇದು. ೩೦೧ ಮತ್ತು ೩೦೮ ಎಂಬ ಸಂಖ್ಯೆಗಳು ಸ್ಥಾನಾಂತರವು ಶಾಶ್ವತವೆಂದೂ, ೩೦೨ ಮತ್ತು ೩೦೭ ಎಂಬುವು ತಾತ್ಕಾಲಿಕವೆಂದೂ ಸೂಚಿಸುತ್ತವೆ. ಶಾಶ್ವತವೆಂದಲ್ಲಿ ಹುಡುಕುಯಂತ್ರಗಳು ಹೊಸ ವಿಳಾಸವನ್ನೇ ಪ್ರಧಾನವೆಂದು ಗ್ರಹಿಸುತ್ತವೆ. ತಾತ್ಕಾಲಿಕವೆಂದಲ್ಲಿ ಸಾಮಾನ್ಯವಾಗಿ ಹಳೆಯದನ್ನೇ ಉಳಿಸಿಕೊಳ್ಳುತ್ತವೆ. ಬ್ರೌಸರಿನ ವಿಳಾಸಪಟ್ಟಿಯಲ್ಲಿ ನಿಜವಾದ ವಿಳಾಸವು ಓದುಗನ ಕಣ್ಣೆದುರಿಗೇ ಕಾಣಿಸಿಕೊಳ್ಳುವುದು ಈ ಮಾರ್ಗದ ವಿಶೇಷ.

ವ್ಯಾಕರಣವನ್ನು ಬಲ್ಲವರು ಇದನ್ನು ಆದೇಶಕ್ಕೆ ಹೋಲಿಸಬಹುದು. ಮಳೆ ಮತ್ತು ಕಾಲ ಎಂಬೆರಡು ಪದಗಳು ಸೇರಿ ಮಳೆಗಾಲವಾದಾಗ ಕಕಾರದ ಸ್ಥಾನದಲ್ಲಿ ಗಕಾರವು ಬರುತ್ತದೆ, ಅರ್ಥವು ಕೆಡುವುದಿಲ್ಲ. ಆದೇಶವು ಸ್ಥಾನಿಯಂತೆಯೇ ಕಾರ್ಯವನ್ನು ಪಡೆಯುವುದೆಂದೂ, ವರ್ಣವನ್ನಾಶ್ರಯಿಸಿದ ವಿಧಿಗಳಲ್ಲಿ ಮಾತ್ರ ಹಾಗಲ್ಲವೆಂದೂ ಪಾಣಿನೀಯರ ಸಿದ್ಧಾಂತ. ಇಲ್ಲಿಯೂ ಹಾಗೆಯೇ. ಪುಟವನ್ನು ತಲುಪುವ ಕಾರ್ಯದಲ್ಲಿ ಎರಡು ವಿಳಾಸಗಳೂ ಸಮಾನ; ವಿಳಾಸದ ಅಕ್ಷರಗಳನ್ನೇ ಆಶ್ರಯಿಸಿದ ಕಾರ್ಯದಲ್ಲಿ, ಎಂದರೆ ಅಡಿಟಿಪ್ಪಣಿಯಲ್ಲಿ ಉದ್ಧರಿಸುವಾಗ, ಎರಡೂ ಬೇರೆ ಬೇರೆ.

೪

ಮೂರನೆಯ ಮಾರ್ಗವು ಅವಗುಂಠನ, ಎಂದರೆ ಮುಸುಕು ಹಾಕುವುದು. ಸ್ವಂತ ಡೊಮೇನಿನಲ್ಲಿ ಬರಿದಾದ ಒಂದು ಪುಟವನ್ನಿಟ್ಟು, ಅದರ ಚೌಕಟ್ಟಿನೊಳಗೆ ಬೇರೆಡೆಯ ಜಾಲಸ್ಥಾನವನ್ನು ತೋರಿಸುವುದು ಇದರ ಸಾಮಾನ್ಯ ರೀತಿ. ವಿಳಾಸಪಟ್ಟಿಯಲ್ಲಿ ಅಧ್ಯಾಪಕರ ಹೆಸರೇ ನಿಂತಿರುವುದು. ಒಳಗಿನ ಪಾಠವು ಆಶ್ರಯದಾತರ ಮನೆಯದು. ಆಲಂಕಾರಿಕರು ಅತಿಶಯೋಕ್ತಿಯ ವಿಚಾರದಲ್ಲಿ ಹೇಳುವ ನಿಗರಣವು ಇದಕ್ಕೆ ಹೊಂದುತ್ತದೆ: ಒಂದು ಮತ್ತೊಂದನ್ನು ನುಂಗಿ ತಾನೇ ತೋರುವುದು.

ಕಣ್ಣಿಗೆ ಇದು ಸೊಗಸು; ಆದರೆ ಅಧ್ಯಯನದ ದೃಷ್ಟಿಯಿಂದ ಇದರ ದೋಷಗಳು ಹಲವು. ಒಳಗೆ ಮೊದಲನೆಯ ಶಾಸನದಿಂದ ನಲವತ್ತನೆಯ ಶಾಸನಕ್ಕೆ ಹೋದರೂ ಹೊರಗಿನ ವಿಳಾಸವು ಬದಲಾಗುವುದಿಲ್ಲ. ಆದುದರಿಂದ ನಲವತ್ತನೆಯ ಶಾಸನವನ್ನು ಉದ್ಧರಿಸಲೆತ್ನಿಸುವವನಿಗೆ ಮುಖಪುಟದ ವಿಳಾಸವಷ್ಟೇ ದೊರೆಯುವುದು. ಪುಟಸಂಖ್ಯೆಯಿಲ್ಲದ ಗ್ರಂಥದ ಹೆಸರನ್ನು ಕೊಟ್ಟಂತಾಗುವುದು. ಎರಡನೆಯದಾಗಿ, ಅನೇಕ ಜಾಲಸ್ಥಾನಗಳು ತಮ್ಮನ್ನು ಇತರರ ಚೌಕಟ್ಟಿನೊಳಗೆ ತೋರಿಸಕೂಡದೆಂದು ನಿಷೇಧಿಸಿರುವುವು. ಚೌಕಟ್ಟಿನ ಮರೆಯಲ್ಲಿ ಓದುಗರನ್ನು ವಂಚಿಸುವ ಕೃತ್ಯಗಳು ಹೆಚ್ಚಿದುದೇ ಇದಕ್ಕೆ ಕಾರಣ. ಈ ನಿಷೇಧದ ಸೂಚನೆಯು ೨೦೧೩ರಲ್ಲಿ ಗ್ರಂಥಸ್ಥವಾಯಿತು. ಮೂರನೆಯದಾಗಿ, ಹೊರಗಿನ ಪುಟವು ಸುರಕ್ಷಿತಮಾರ್ಗದಿಂದಲೂ ಒಳಗಿನದು ಅಸುರಕ್ಷಿತಮಾರ್ಗದಿಂದಲೂ ಬರುವುದಾದರೆ ಬ್ರೌಸರು ಒಳಗಿನದನ್ನು ತಡೆಯುತ್ತದೆ. ನಾಲ್ಕನೆಯದಾಗಿ, ಹುಡುಕುಯಂತ್ರಕ್ಕೆ ಹೊರಗಿನ ಪುಟವು ಬರಿದಾಗಿಯೇ ಕಾಣುವುದುಂಟು.

ಅವಗುಂಠನದ ಇನ್ನೊಂದು ಪ್ರಕಾರದಲ್ಲಿ, ಸ್ವಂತ ಡೊಮೇನಿನ ಸರ್ವರು ತಾನೇ ಪ್ರತಿನಿಧಿಯಾಗಿ ನಿಂತು ಪ್ರತಿಯೊಂದು ಪುಟವನ್ನೂ ಮೂಲದಿಂದ ತಂದು ತನ್ನ ವಿಳಾಸದಲ್ಲಿ ಒಪ್ಪಿಸುತ್ತದೆ. ಇದರಲ್ಲಿ ಪ್ರತಿಪುಟಕ್ಕೂ ಪ್ರತ್ಯೇಕ ವಿಳಾಸವಿರುವುದರಿಂದ ಮೊದಲ ದೋಷವು ಕಳೆಯುವುದು. ಆದರೆ ಸರ್ವರಿನ ಪಾಲನೆಯ ಶ್ರಮವು ಹೆಚ್ಚು. ಮೂಲಸ್ಥಾನದವರ ಅನುಮತಿಯೂ ಅವಶ್ಯ. ಒಂದೇ ಪಾಠವು ಎರಡು ಹೆಸರುಗಳಲ್ಲಿ ಕಾಣಿಸಿಕೊಂಡಾಗ ಪ್ರಧಾನವಾದುದು ಯಾವುದೆಂದು ಪುಟದೊಳಗೇ ಘೋಷಿಸುವ ಸೂಚನೆಯೊಂದು ೨೦೦೯ರಿಂದ ಬಳಕೆಯಲ್ಲಿದೆ. ಪ್ರತಿಭೇದಗಳನ್ನು ಕೊಡುವ ಸಂಪಾದಕನು ಮೂಲಪ್ರತಿಯನ್ನು ನಿರ್ದೇಶಿಸುವಂತೆ ಅದನ್ನು ಕೊಡುವುದು ಯುಕ್ತ.

ಕನ್ನಡಲಿಪಿಯ ಡೊಮೇನ್ ಹೆಸರುಗಳಲ್ಲಿ ಮತ್ತೊಂದು ಬಗೆಯ ವೇಷವಿದೆ. ‘.ಭಾರತ’ ಎಂಬ ಉತ್ತರಪದವು ಕನ್ನಡಲಿಪಿಯಲ್ಲಿಯೂ ಜಾಲದ ಮೂಲವಲಯಕ್ಕೆ ಸೇರಿದೆ. ಆದರೆ ಡೊಮೇನ್ ವ್ಯವಸ್ಥೆಯಲ್ಲಿ ಸಂಚರಿಸುವುದು ರೋಮನ್ ಅಕ್ಷರಗಳೂ ಅಂಕಿಗಳೂ ಆದುದರಿಂದ, ೨೦೦೩ರಲ್ಲಿ ನಿಯತವಾದ ಕ್ರಮದಂತೆ ಕನ್ನಡದ ಹೆಸರು ಮೊದಲು ‘ಎಕ್ಸ್‌ಎನ್’ ಎಂದಾರಂಭವಾಗುವ, ಓದಲು ಬಾರದ ಅಕ್ಷರಸಮೂಹವಾಗಿ ಪರಿವರ್ತಿತವಾಗುವುದು. ವಿಳಾಸಪಟ್ಟಿಯಿಂದ ನಕಲುಮಾಡಿದಾಗ ಕೆಲವೊಮ್ಮೆ ಆ ರೂಪವೇ ದೊರೆಯುವುದು. ಅದನ್ನು ಕಂಡು ಬೇರೊಂದು ಸ್ಥಾನವೆಂದು ಶಂಕಿಸಬೇಕಾಗಿಲ್ಲ. ಶಂಕಿಸಬೇಕಾದುದು ಕನ್ನಡ ತೆಲುಗು ಲಿಪಿಗಳ ಸದೃಶಾಕ್ಷರಗಳನ್ನು ಆಶ್ರಯಿಸಿ ಒಂದು ಹೆಸರಿನ ವೇಷದಲ್ಲಿ ಬರಬಹುದಾದ ಮತ್ತೊಂದು ಹೆಸರನ್ನು.

೫

ಇವೆಲ್ಲವೂ ಯಂತ್ರಶಾಸ್ತ್ರದ ಸೂಕ್ಷ್ಮಗಳಷ್ಟೇ ಅಲ್ಲವೆಂಬುದನ್ನು ಕನ್ನಡಿಗರ ಅನುಭವವೇ ತೋರಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ನಡೆದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯ’ ಎಂಬ ಕಾರ್ಯದಿಂದ ಅಲಭ್ಯವಾಗಿದ್ದ ಅಸಂಖ್ಯ ಭಾರತೀಯ ಗ್ರಂಥಗಳು, ಅವುಗಳಲ್ಲಿ ಹಳೆಯ ಕನ್ನಡ ಮುದ್ರಣಗಳೂ, ಜಾಲದಲ್ಲಿ ದೊರಕುವಂತಾದುವು. ವಿದ್ವಾಂಸರು ಆ ಜಾಲಸ್ಥಾನವನ್ನು ಧಾರಾಳವಾಗಿ ಬಳಸಿದರು, ಉದ್ಧರಿಸಿದರು. ಕಾಲಾಂತರದಲ್ಲಿ ಆ ಸ್ಥಾನವು ನಿಂತುಹೋಯಿತು. ಗ್ರಂಥಗಳು ನಾಶವಾಗಲಿಲ್ಲ, ಅವುಗಳಲ್ಲಿ ಬಹುಸಂಖ್ಯೆಯವು ‘ಇಂಟರ್‌ನೆಟ್ ಆರ್ಕೈವ್’ ಎಂಬ ಭಂಡಾರದಲ್ಲಿ ಈಗಲೂ ಇವೆ. ಆದರೆ ಹಳೆಯ ವಿಳಾಸವನ್ನು ಹಿಡಿದುಹೋದವನನ್ನು ಅಲ್ಲಿಗೆ ಕಳುಹಿಸುವವರು ಯಾರೂ ಇಲ್ಲ.

ಗಮನಿಸತಕ್ಕ ಅಂಶವೊಂದಿದೆ. ಆ ಭಂಡಾರದಲ್ಲಿ ಈ ಗ್ರಂಥಗಳ ಗುರುತು ‘ಇನ್.ಅರ್ನೆಟ್.ಡಿಎಲ್‌ಐ’ ಎಂದು ಆರಂಭವಾಗುತ್ತದೆ. ಇದು ‘ಡಿಎಲ್‌ಐ.ಅರ್ನೆಟ್.ಇನ್’ ಎಂಬ ಹಳೆಯ ಡೊಮೇನ್ ಹೆಸರೇ ಹಿಂದುಮುಂದಾಗಿ ಬಂದುದು. ಪ್ರತ್ಯಯವು ಲೋಪವಾದರೂ ತನ್ನಿಮಿತ್ತವಾದ ಕಾರ್ಯವು ನಡೆಯುವುದೆಂದು ವೈಯಾಕರಣರು ಹೇಳುವಂತೆ, ಸ್ಥಾನವು ಲುಪ್ತವಾದರೂ ಅದರ ಗುರುತು ಉಳಿದಿದೆ. ಗ್ರಂಥದ ಹೆಸರು, ಕರ್ತೃ, ಮುದ್ರಣದ ವರ್ಷ, ಪುಟ ಇವುಗಳನ್ನು ವಿಳಾಸದೊಡನೆ ಬರೆದಿಟ್ಟ ಸಂಶೋಧಕನ ಆಧಾರವನ್ನು ಇಂದಿಗೂ ಹುಡುಕಿ ತೆಗೆಯಬಹುದು. ಬರಿಯ ವಿಳಾಸವನ್ನು ಬರೆದವನ ಆಧಾರವು ಬಹುಮಟ್ಟಿಗೆ ನಷ್ಟವೇ ಸರಿ.

ದೊಡ್ಡ ಸಂಸ್ಥೆಗಳ ಕಾರ್ಯವೇ ಹೀಗಾದರೆ ವ್ಯಕ್ತಿಯೊಬ್ಬರ ಡೊಮೇನಿನ ಗತಿಯನ್ನು ಹೇಳಬೇಕಾದುದಿಲ್ಲ. ಡೊಮೇನ್ ಹೆಸರು ಕ್ರಯಕ್ಕೆ ಬಂದ ಭೂಮಿಯಲ್ಲ, ಗೇಣಿಗೆ ಪಡೆದುದು. ಸಾಮಾನ್ಯವಾಗಿ ಒಂದರಿಂದ ಹತ್ತು ವರ್ಷಗಳವರೆಗೆ ಶುಲ್ಕ ತೆತ್ತು, ಅವಧಿ ಮುಗಿಯುವ ಮುನ್ನ ನವೀಕರಿಸಬೇಕು. ಒಡೆಯರು ಕಾಲವಶರಾದರೆ, ಅಥವಾ ಮರೆತರೆ, ಆ ಹೆಸರನ್ನು ಯಾರಾದರೂ ಪಡೆದು ತಮ್ಮ ವ್ಯಾಪಾರಕ್ಕೆ ಬಳಸಬಹುದು. ಪುನರ್ನಿರ್ದೇಶವಿದ್ದ ಕಡೆ ಓದುಗನು ಹಿಂದೆಯೇ ನಿಜವಾದ ವಿಳಾಸವನ್ನು ಕಂಡಿದ್ದು ಬರೆದಿಟ್ಟುಕೊಂಡಿರಬಹುದು. ಅವಗುಂಠನವಿದ್ದ ಕಡೆ ಅದನ್ನು ಕಂಡವರೇ ವಿರಳ; ಪಾಠವು ಆಶ್ರಯದಾತರಲ್ಲಿ ಸುರಕ್ಷಿತವಾಗಿದ್ದರೂ ಲೋಕಕ್ಕೆ ಇಲ್ಲದಂತೆಯೇ. ಇತ್ತ ಆಶ್ರಯದಾತರನ್ನು ಮಾತ್ರ ನಂಬುವುದೂ ಕ್ಷೇಮವಲ್ಲ. ಉಚಿತವಾಗಿ ಆಶ್ರಯ ಕೊಡುತ್ತಿದ್ದ ಜಿಯೊಸಿಟೀಸ್ ಎಂಬ ಸ್ಥಾನವನ್ನು ಯಾಹೂ ಸಂಸ್ಥೆಯು ೨೦೦೯ರಲ್ಲಿ ಅಮೆರಿಕದಲ್ಲಿ ಮುಚ್ಚಿದಾಗ ಅಲ್ಲಿನ ವಿಳಾಸಗಳೆಲ್ಲ ಒಮ್ಮೆಗೇ ವ್ಯರ್ಥವಾದುವು. ಸ್ವಂತ ಹೆಸರಿದ್ದವರು ಅದನ್ನು ಹೊಸ ಮನೆಯತ್ತ ತಿರುಗಿಸಿಕೊಳ್ಳಬಲ್ಲರು. ಸ್ವಂತ ಡೊಮೇನಿನ ನಿಜವಾದ ಪ್ರಯೋಜನವು ಇದೇ.

ಈ ಎರಡು ಭಯಗಳ ನಡುವೆ ಗ್ರಂಥಾಲಯಗಳು ಕಂಡುಕೊಂಡ ಉಪಾಯವು ಸಾರ್ವಜನಿಕ ಪುನರ್ನಿರ್ದೇಶ. ಅಮೆರಿಕದ ಒಸಿಎಲ್‌ಸಿ ಎಂಬ ಗ್ರಂಥಾಲಯಸಂಸ್ಥೆಯು ೧೯೯೫ರಲ್ಲಿ ಸ್ಥಿರವಿಳಾಸಗಳ ವ್ಯವಸ್ಥೆಯನ್ನು ಆರಂಭಿಸಿತು. ವಿದ್ವತ್ಪತ್ರಿಕೆಗಳಲ್ಲಿ ಈಗ ರೂಢವಾಗಿರುವ ಡಿಒಐ ಸಂಖ್ಯೆಯನ್ನು ನಿರ್ವಹಿಸುವ ಪ್ರತಿಷ್ಠಾನವು ೧೯೯೮ರಲ್ಲಿ ಸ್ಥಾಪಿತವಾಯಿತು. ಸಂಖ್ಯೆಯು ಸ್ಥಿರ, ಪುಟವು ಮನೆ ಬದಲಿಸಿದಾಗ ಸಂಖ್ಯೆಯ ಮುಂದಿನ ವಿಳಾಸವನ್ನು ತಿದ್ದುವುದು ಪ್ರಕಾಶಕರ ಕರ್ತವ್ಯ. ಹೊಣೆಯು ಒಬ್ಬ ವ್ಯಕ್ತಿಯ ಆಯುಸ್ಸನ್ನು ಅವಲಂಬಿಸದೆ ಸಂಸ್ಥೆಯ ಮೇಲೆ ನಿಲ್ಲುವುದು ಇದರ ಸಾರ.

೬

ಮೇಲಿನ ವಿಚಾರದಿಂದ ಸಿದ್ಧವಾಗುವ ಅಂಶಗಳಿವು. ಸ್ವಂತ ಡೊಮೇನನ್ನು ಪಡೆಯುವ ವಿದ್ವಾಂಸರು ಪರ್ಯಾಯನಾಮವನ್ನಾಗಲಿ ಶಾಶ್ವತ ಪುನರ್ನಿರ್ದೇಶವನ್ನಾಗಲಿ ಅವಲಂಬಿಸುವುದು ಉತ್ತಮ. ಚೌಕಟ್ಟಿನ ಅವಗುಂಠನವನ್ನು ವರ್ಜಿಸಬೇಕು. ಡೊಮೇನಿನ ನವೀಕರಣವನ್ನು ತಮ್ಮ ತರುವಾಯ ಯಾರು ಮಾಡತಕ್ಕವರೆಂಬುದನ್ನು ಬರೆದಿಡಬೇಕು. ಪಾಠಗಳ ಒಂದು ಪ್ರತಿಯನ್ನು ಗ್ರಂಥಾಲಯದ ಭಂಡಾರದಲ್ಲಿರಿಸಬೇಕು. ಉದ್ಧರಿಸುವವರು ವಿಳಾಸಪಟ್ಟಿಯಲ್ಲಿ ಕಂಡ ಹೆಸರು ನಿಜವಾದ ಸ್ಥಾನದ್ದೇ ಎಂಬುದನ್ನು ಪರೀಕ್ಷಿಸಿ, ಒಳಪುಟಕ್ಕೆ ಹೋದಾಗ ವಿಳಾಸವು ಬದಲಾಗುವುದೇ ಎಂದು ನೋಡಬೇಕು. ಬದಲಾಗದಿದ್ದರೆ ಮುಸುಕಿದೆಯೆಂದು ಶಂಕಿಸಿ, ಒಳಗಿನ ಪುಟವನ್ನು ಪ್ರತ್ಯೇಕವಾಗಿ ತೆರೆದು ಅದರ ವಿಳಾಸವನ್ನೂ ಕೊಡಬೇಕು. ಕರ್ತೃ, ಶೀರ್ಷಿಕೆ, ನೋಡಿದ ದಿನಾಂಕ ಇವುಗಳಿಲ್ಲದ ಬರಿಯ ವಿಳಾಸವನ್ನು ಪತ್ರಿಕೆಗಳು ಆಧಾರವೆಂದು ಸ್ವೀಕರಿಸಬಾರದು.

ನರಸಿಂಹಾಚಾರ್ಯರು ಕಂಸದೊಳಗೆ ಉಳಿಸಿದ ಹಳೆಯ ಸಂಖ್ಯೆಗೆ ತಗುಲಿದುದು ಅಲ್ಪವಾದ ಮಸಿ. ಅದರಿಂದ ಹಿಂದಿನವರ ಬರೆಹಗಳೆಲ್ಲವೂ ಓದುವವರಿಗೆ ಉಪಯುಕ್ತವಾಗಿಯೇ ಉಳಿದುವು. ಜಾಲದಲ್ಲಿ ಬರೆಯುವವರಿಗೂ ಅದೇ ಮೇಲ್ಪಂಕ್ತಿ.