ಆಪತ್ಕಾಲದ ಹಣ ಎಲ್ಲಿರಬೇಕು?

ಬರಗಾಲಕ್ಕಾಗಿ ಧಾನ್ಯವನ್ನು ತೆನೆಯಲ್ಲೇ ಕಾಪಿಡಿ ಎಂದರು ಯೂಸುಫ್(ಅ). ಕೂಡಿಟ್ಟರಷ್ಟೇ ಸಾಲದು, ಇಡುವ ಜಾಗವೂ ಸರಿಯಿರಬೇಕು. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಮುಚ್ಚಿದಾಗ, ಹಲಾಲ್ ಲಾಭವೆಂದು ನಂಬಿದ್ದ ಸಾವಿರಾರು ಮುಸ್ಲಿಮ್ ಕುಟುಂಬಗಳ ಹಣ ಸಿಲುಕಿತು. ಮದುವೆಗೆಂದು ಕೂಡಿಟ್ಟದ್ದೂ ಅದರಲ್ಲಿತ್ತು.

ಸಹಕಾರಿ ಬ್ಯಾಂಕ್ ಬೇರೆ, ಪತ್ತಿನ ಸಹಕಾರ ಸಂಘ ಬೇರೆ. ರಿಸರ್ವ್ ಬ್ಯಾಂಕಿನ ಪರವಾನಗಿಯುಳ್ಳ ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬರ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. ಸಂಘದ ಠೇವಣಿಗೆ ಈ ವಿಮೆಯಿಲ್ಲ. ಪಾಂಡವಪುರದಲ್ಲೋ ನಾಗಮಂಗಲದಲ್ಲೋ ಸಂಘದವರು ಪರಿಚಯಸ್ಥರೇ ಇರಬಹುದು. ಅಷ್ಟಕ್ಕೇ ಎಲ್ಲವನ್ನೂ ಅಲ್ಲಿಡಬೇಡಿ.

ಬಡ್ಡಿ ಬೇಡವೆನ್ನುವವರಿಗೆ ಬ್ಯಾಂಕಿನ ಚಾಲ್ತಿ ಖಾತೆಯಿದೆ. ಕನಿಷ್ಠ ಎಷ್ಟಿರಬೇಕೆಂದು ಮೊದಲೇ ಕೇಳಿಕೊಳ್ಳಿ. ಕೆ.ಆರ್.ಪೇಟೆಯಿಂದ ನಡುರಾತ್ರಿ ಮೈಸೂರಿನ ಆಸ್ಪತ್ರೆಗೆ ಓಡುವಷ್ಟು ನಗದು ಮಾತ್ರ ಮನೆಯಲ್ಲಿರಲಿ. ಅದು ಎಲ್ಲಿದೆಯೆಂದು ಮನೆಯಾಕೆಗೂ ತಿಳಿದಿರಲಿ.